ಬೇಲಿ ಹಣ್ಣಿಗೆ ತೊಟ್ಟಿಲು

ಮಗನಿಗೆ ಕೊಟ್ಟ ಒಂದು ತಪ್ಪು ಉತ್ತರ ನಾಲ್ಕು ವರ್ಷ ನನ್ನನ್ನು ಬಿಡಲಿಲ್ಲ. ಅವನಾಗ ಮೂರನೇ ಇಯತ್ತೆ. ಇಂಗ್ಲಿಷ್ ಕಥೆ ಪುಸ್ತಕವೊಂದರಲ್ಲಿ ಇಬ್ಬರು ಹುಡುಗರು ದಾರಿಬದಿಯ ಬೇಲಿಗೆ ಕೈ ಹಾಕಿ ಕಪ್ಪು ಹಣ್ಣು ಕೀಳುವ ಚಿತ್ರ ಇತ್ತು. ಕೈ, ಬಾಯಿ, ಅಂಗಿ ಎಲ್ಲ ಬಣ್ಣ. "ಅವ್ವಾ, ಬ್ಲ್ಯಾಕ್‌ಬೆರಿ ಅಂದ್ರ ಯಾವ ಹಣ್ಣು?" ಅಂದ. ಒಲೆ ಮೇಲೆ ಒಗ್ಗರಣೆ ಚಟಪಟ ಅನ್ನುತ್ತಿತ್ತು, "ನೇರಲ ಹಣ್ಣಲೇನೋ" ಅಂದುಬಿಟ್ಟೆ. ಅಂಗಡಿಯ ಜಾಮೂನ್ ರಸದ ಬಾಟಲಿ ಮೇಲೆ 'ಇಂಡಿಯನ್ ಬ್ಲ್ಯಾಕ್‌ಬೆರಿ' ಅಂತ ಓದಿದ ನೆನಪು. ಕಾರಹುಣ್ಣಿಮೆ ಹೊತ್ತಿಗೆ ನಮ್ಮ ಕೊಪ್ಪಳದ ಜವಾಹರ ರಸ್ತೆಯಲ್ಲಿ ನೇರಲ ಹಣ್ಣಿನ ಬುಟ್ಟಿಗಳು ಬಂದವು. ಒಂದು ಪಾವು ತಂದು ಕೈಗಿಟ್ಟೆ. ಅವನು ಒಂದನ್ನು ತಿರುಗಿಸಿ ತಿರುಗಿಸಿ ನೋಡಿ, ಪುಸ್ತಕ ತಂದು ಪಕ್ಕದಲ್ಲಿಟ್ಟು, "ಇದು ನುಣ್ಣಗ ಐತಿ. ಅದು ಮಣಿ ಪೋಣಿಸಿದಂಗ ಐತಿ. ಮತ್ತ ಇದಕ್ಕ ಮುಳ್ಳೆಲ್ಲೈತಿ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಕ್ಕಳು ಇಂಥದ್ದನ್ನು ಮರೆತುಬಿಡುತ್ತಾರೆ, ನನಗೆ ಆಗಲಿಲ್ಲ. ಆ ಹಣ್ಣನ್ನು ನಮ್ಮ ಹಿತ್ತಲಲ್ಲೇ ಬೆಳೆದು ಅವನ ಕೈಗೆ ಕೊಡಬೇಕು ಅಂತ ಅವತ್ತೇ ಮನಸ್ಸಿಗೆ ಬಂತು.

ನಮ್ಮ ಹಿತ್ತಲು ದೊಡ್ಡದಲ್ಲ. ಹದಿನೈದು ಅಡಿ ಅಗಲ, ಇಪ್ಪತ್ತು ಅಡಿ ಉದ್ದ. ಒಂದು ಕರಿಬೇವು, ಒಂದು ನುಗ್ಗೆ, ಅತ್ತೆಯವರ ದುಂಡುಮಲ್ಲಿಗೆ, ತುಳಸಿ. ನೀರು ಹಾಕುವುದು ಅತ್ತೆಯವರ ಕೆಲಸ. ಬೆಳಿಗ್ಗೆ ಮುಖ ತೊಳೆದವರೇ ಚೆಂಬು ಹಿಡಿದು ಹಿತ್ತಲಿಗೆ ಹೋಗುತ್ತಾರೆ, ಚಹಾ ಆಮೇಲೆ. ಅವರ ಕೈಯಲ್ಲಿ ಒಂದು ಗಿಡವೂ ಒಣಗಿದ್ದನ್ನು ನಾನು ಕಂಡಿಲ್ಲ.

ಮೊದಲು ಬಂದದ್ದು ಉಪ್ಪುನೇರಳೆ

ಬ್ಲ್ಯಾಕ್‌ಬೆರಿ ಅಂತ ಕೇಳಿದರೆ ನರ್ಸರಿಯವರು ತಡಮಾಡಲಿಲ್ಲ, ಮೊಣಕಾಲೆತ್ತರದ ಗಿಡವೊಂದನ್ನು ಪ್ಲಾಸ್ಟಿಕ್ ಚೀಲದ ಸಮೇತ ಕೈಗಿತ್ತರು. ಇನ್ನೂರು ರೂಪಾಯಿ. ಹಚ್ಚಿದ ಮೂರು ತಿಂಗಳಿಗೆ ಆಳೆತ್ತರ ಆಯಿತು. ಮುಳ್ಳು ಬರಲಿಲ್ಲ. ಸಣ್ಣ ಗಿಡ ಅಲ್ಲವೇ, ದೊಡ್ಡದಾದ ಮೇಲೆ ಬಂದೀತು ಅಂದುಕೊಂಡೆ. ಬೇಸಿಗೆಗೆ ಕಾಯಿ ಬಿಟ್ಟಿತು, ಕೆಂಪಾಯಿತು, ಕಪ್ಪಾಯಿತು. ಮಗ ಕುಣಿದ. ನಮ್ಮತ್ತೆ ಒಂದು ಬಾಯಿಗೆ ಹಾಕಿಕೊಂಡು ಎಲೆ ಮುಟ್ಟಿ ನೋಡಿ, "ಇದು ರೇಷ್ಮಿ ಹುಳಕ್ಕ ಹಾಕೋ ಸೊಪ್ಪಲ್ಲೇನವ್ವ? ನಮ್ಮ ತವರಾಗ ಎಕರೆಗಟ್ಟಲೆ ಹಚ್ಚಿದ್ರು" ಅಂದರು. ಹಿಪ್ಪುನೇರಳೆ, ನಾವು ಚಿಕ್ಕವರಿದ್ದಾಗ ಉಪ್ಪುನೇರಳೆ ಅಂತಿದ್ದದ್ದು.

ಕಣ್ಣಿಗೆ ಎರಡೂ ಒಂದೇ ತರಹ, ಅದು ನಿಜ. ಆದರೆ ಹುಟ್ಟು ಬೇರೆ. ಉಪ್ಪುನೇರಳೆಯ ಒಂದು ಹಣ್ಣೆಂದರೆ ಒಂದು ತೆನೆಯ ತುಂಬ ಇದ್ದ ಪುಟ್ಟ ಪುಟ್ಟ ಹೂಗಳೆಲ್ಲ ಸೇರಿ ಆದದ್ದು. ಅದು ಹಲಸು, ಅತ್ತಿ, ಆಲದ ಬಳಗ. ಬ್ಲ್ಯಾಕ್‌ಬೆರಿಯ ಹಣ್ಣು ಒಂದೇ ಹೂವಿನದು. ಆ ಹೂವಿನ ನಡುವೆ ಹತ್ತಾರು ಅಂಡಾಶಯ ಗುಂಪಾಗಿ ಕೂತಿರುತ್ತವೆ, ಒಂದೊಂದೂ ಒಂದೊಂದು ಮಣಿಯಾಗುತ್ತದೆ, ಒಂದೊಂದು ಮಣಿಯೊಳಗೂ ಒಂದು ಬೀಜ. ಅದು ಗುಲಾಬಿಯ ಬಳಗ. ಐದು ಎಸಳಿನ ಹೂ, ಕಡ್ಡಿಯ ಮೇಲೆ ಗುಲಾಬಿಯಂಥದೇ ಹಿಂದಕ್ಕೆ ಬಾಗಿದ ಮುಳ್ಳು. ಇದನ್ನೆಲ್ಲ ಓದಿ ತಿಳಿದುಕೊಂಡದ್ದು ಉಪ್ಪುನೇರಳೆ ತಿಂದ ಮೇಲೆ. ಮಾರಿದವರು ಮೋಸ ಮಾಡಿದರು ಅಂತ ನಾನು ಅನ್ನುವುದಿಲ್ಲ. ನಾನು ಮಗನಿಗೆ ನೇರಲ ಹಣ್ಣು ಕೊಟ್ಟ ಹಾಗೆಯೇ ಅವರು ನನಗೆ ಉಪ್ಪುನೇರಳೆ ಕೊಟ್ಟರು. ಕಣ್ಣಿಂದ ನೋಡದ ಹಣ್ಣಿಗೆ ಹತ್ತಿರದ ಹೆಸರನ್ನು ತೊಡಿಸುವುದು ನಮ್ಮೆಲ್ಲರ ರೂಢಿ.

ಆ ಗಿಡ ಈಗಲೂ ಇದೆ. ಗುಬ್ಬಿಗಳಿಗೂ ಓಣಿಯ ಹುಡುಗರಿಗೂ ಅದರ ಮೇಲೆ ಪ್ರೀತಿ.

ಬಾರದ ಚಳಿ

ನಿಜವಾದ ಬ್ಲ್ಯಾಕ್‌ಬೆರಿ ಬಂದದ್ದು 2022ರ ನವೆಂಬರಿನಲ್ಲಿ, ಕೊರಿಯರ್‌ನಲ್ಲಿ. ತೆಂಗಿನ ನಾರಿನಲ್ಲಿ ಸುತ್ತಿದ ಎರಡು ಕಡ್ಡಿ, ಹೆಬ್ಬೆರಳು ದಪ್ಪದ ಬೇರು. ಡಬ್ಬಿ ಬಿಚ್ಚುವಾಗ ಮಗನ ಬೆರಳಿಗೆ ಮುಳ್ಳು ಚುಚ್ಚಿತು. "ಈ ಸಲ ಖರೆ ಐತಿ" ಅಂತ ರಕ್ತ ಬಂದ ಬೆರಳು ತೋರಿಸಿದ.

ನಮ್ಮದು ಎರೆಮಣ್ಣು. ಹತ್ತಿ, ಕಡಲೆ, ಜೋಳಕ್ಕೆ ಚಿನ್ನದಂಥದ್ದು. ಬ್ಲ್ಯಾಕ್‌ಬೆರಿಗೆ ಮಾತ್ರ ಒಂದಿಷ್ಟು ಹುಳಿ ಮಣ್ಣು ಬೇಕು, ರಸಸಾರ, ಅಂದರೆ ಪಿಎಚ್, ಐದೂವರೆಯಿಂದ ಆರೂವರೆ ಇದ್ದರೆ ಹಿತ. ನಮ್ಮ ಎರೆ ಎಂಟರ ಮೇಲೆಯೇ ಇರುತ್ತದೆ. ಅದಕ್ಕೆ ನೆಲಕ್ಕೆ ಹಚ್ಚದೆ ಎರಡು ದೊಡ್ಡ ಡ್ರಮ್ಮಿನಲ್ಲಿ ಕೆಂಪು ಮಣ್ಣು, ತಿಪ್ಪಿಗೊಬ್ಬರ, ತೆಂಗಿನ ನಾರಿನ ಪುಡಿ ಸೇರಿಸಿ ಹಚ್ಚಿದೆ. ನೀರು ಬೋರಿನದು. ಸ್ನಾನದ ಬಕೆಟ್ಟಿನ ಅಂಚಿಗೆ ಬಿಳಿ ಪದರ ಕಟ್ಟುವ ಸವಳು ನೀರು. ಆರು ತಿಂಗಳಿಗೆ ಎಳೆ ಎಲೆಗಳು ಹಳದಿ ತಿರುಗಿದವು, ನರ ಮಾತ್ರ ಹಸಿರು. ಬೆಳಕಿಗೆ ಹಿಡಿದರೆ ಎಲೆಯೊಳಗೆ ಹಸಿರು ದಾರದ ಬಲೆ ಕಟ್ಟಿದ ಹಾಗೆ. ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇದ್ದೇ ಇರುತ್ತದೆ, ಆದರೆ ಸವಳಿನಲ್ಲಿ ಅದು ಕರಗಿ ಬೇರಿಗೆ ಸಿಗುವುದಿಲ್ಲ. ಅಂಥ ಮಣ್ಣಲ್ಲೂ ಬೇರಿಗೆ ಸಿಗುವ ಚಿಲೇಟೆಡ್ ಕಬ್ಬಿಣದ ಪುಡಿ ತಂದು ಕಲಸಿ ಹಾಕಿದೆ. ಮಳೆಗಾಲದಲ್ಲಿ ಮಾಳಿಗೆಯ ನೀರನ್ನು ಸಿಂಟೆಕ್ಸ್‌ಗೆ ಇಳಿಸಿಕೊಂಡು ಅದನ್ನೇ ಈ ಎರಡಕ್ಕೆ ಮೀಸಲಿಟ್ಟೆ. ಏಪ್ರಿಲ್ ಬಿಸಿಲು 40 ಡಿಗ್ರಿ ಮುಟ್ಟುವ ಊರಿದು, ಮಧ್ಯಾಹ್ನದ ಮೇಲೆ ನೆರಳಿರಲಿ ಅಂತ ಹಸಿರು ಬಲೆ ಕಟ್ಟಿಸಿದೆ. ಗಿಡ ಚೇತರಿಸಿಕೊಂಡಿತು. ಕಡ್ಡಿಗಳು ಬಾಗಿ ಬಾಗಿ ಗೋಡೆ ಹತ್ತಿದವು. ಮಣ್ಣು ಮುಟ್ಟಿದ ತುದಿ ಅಲ್ಲೇ ಬೇರು ಬಿಟ್ಟು ಇನ್ನೊಂದು ಗಿಡವಾಯಿತು. ಒಂದು ವರ್ಷ ಕಳೆಯಿತು. ಒಂದು ಹೂವೂ ಇಲ್ಲ.

ಈ ಗಿಡದ ಲೆಕ್ಕ ಹೀಗೆ. ಬೇರು ವರ್ಷಗಟ್ಟಲೆ ಬದುಕುತ್ತದೆ, ಕಡ್ಡಿಗೆ ಎರಡೇ ವರ್ಷದ ಆಯುಷ್ಯ. ಮೊದಲ ವರ್ಷ ಕಡ್ಡಿ ಬರೀ ಬೆಳೆಯುತ್ತದೆ. ಚಳಿಗಾಲ ಬಂದಾಗ ಎಲೆ ಉದುರಿಸಿ ಮಲಗುತ್ತದೆ. ಎದ್ದಮೇಲೆ ಎರಡನೇ ವರ್ಷ ಅದೇ ಕಡ್ಡಿ ಹೂ ಬಿಟ್ಟು, ಹಣ್ಣು ಕೊಟ್ಟು, ಒಣಗಿ ಹೋಗುತ್ತದೆ. ಆ ಮಲಗುವುದಕ್ಕೆ ಚಳಿ ಬೇಕು, ಅದೂ ಗಂಟೆ ಎಣಿಸಿ. 7 ಡಿಗ್ರಿಗಿಂತ ಕೆಳಗಿನ ಚಳಿ ಕೆಲವು ತಳಿಗೆ ಇನ್ನೂರು ಮುನ್ನೂರು ಗಂಟೆ ಸಾಕು, ಕೆಲವಕ್ಕೆ ಎಂಟುನೂರು ದಾಟಬೇಕು. ನಮ್ಮ ಕೊಪ್ಪಳದಲ್ಲಿ ಚಳಿ ಅಂದರೆ ಗವಿಮಠದ ಜಾತ್ರೆಯ ಚಳಿ. ತೇರು ಎಳೆದ ರಾತ್ರಿ ಶಾಲು ಹೊದ್ದು ಬಯಲಲ್ಲಿ ಕೂತರೆ ಹಿತವಾಗಿ ನಡುಗುವಷ್ಟು, ಅಷ್ಟೇ. ಬೆಳಗಿನ ಜಾವ ಹದಿನೈದು ಹದಿನಾರು ಡಿಗ್ರಿ. ಗಿಡ ಕೇಳುವ ಗಂಟೆಗಳಲ್ಲಿ ಒಂದೇ ಒಂದನ್ನೂ ಈ ಊರು ಕೊಡಲಾರದು.

ಮಲಗದೆಯೇ ಹೂ ಬಿಡುವ ತಳಿಗಳೂ ಇವೆ. ಅಮೆರಿಕದ ಅರ್ಕನ್ಸಾ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರೈಮ್-ಜ್ಯಾನ್, ಪ್ರೈಮ್-ಜಿಮ್ ಅಂತ ಎರಡನ್ನು ಹೊರತಂದರು, ಮೊದಲ ವರ್ಷದ ಕಡ್ಡಿಯ ತುದಿಯಲ್ಲೇ ಹಣ್ಣು ಬಿಡುವಂಥವು. ಅವು ನನ್ನ ಕೈಗೆ ಸಿಗಲಿಲ್ಲ. ಸಿಕ್ಕರೂ ಹೂ ಬಿಡುವ ಹೊತ್ತಿನ ಬಿಸಿಲು 30 ಡಿಗ್ರಿ ದಾಟಿದರೆ ಅವುಗಳಲ್ಲೂ ಕಾಯಿ ಸರಿಯಾಗಿ ಕಟ್ಟುವುದಿಲ್ಲವಂತೆ. ನಾನು ರಾತ್ರಿ ಕೂತು ಇವನ್ನೆಲ್ಲ ಓದುತ್ತಿದ್ದೆ. ಹಗಲು ಇನ್ನಷ್ಟು ಗೊಬ್ಬರ, ಇನ್ನಷ್ಟು ನೀರು. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ.

ಮಾಮ ಹೇಳಿದ್ದು

2024ರ ಜಾತ್ರೆಗೆ ನನ್ನ ಸೋದರಮಾವ ಬಂದಿದ್ದ. ಕುಷ್ಟಗಿ ಕಡೆ ಅವನದು ದಾಳಿಂಬೆ ತೋಟ. ಒಮ್ಮೆ ದುಂಡಾಣು ರೋಗ ಬಂದು ಇಡೀ ತೋಟ ಕಿತ್ತು ಸುಟ್ಟು, ನಾಲ್ಕು ವರ್ಷ ಜೋಳ ಹಾಕಿ, ಮತ್ತೆ ದಾಳಿಂಬೆಗೆ ಬಂದವನು. ದಾಸೋಹದಲ್ಲಿ ರೊಟ್ಟಿ ಉಂಡು ಮನೆಗೆ ಬಂದವನಿಗೆ ಹಿತ್ತಲು ತೋರಿಸಿದೆ. ಡ್ರಮ್ಮಿನ ಮಣ್ಣಿಗೆ ಬೆರಳು ತೂರಿಸಿದ. ಎಲೆ ಹಿಂದುಮುಂದು ನೋಡಿದ. ಕಡ್ಡಿಯ ತೊಗಟೆಯನ್ನು ಉಗುರಲ್ಲಿ ಕೆರೆದ, ಹಸಿರು ರಸ ಬಂತು.

"ಇದಕ್ಕ ರೆಸ್ಟ್ ಯಾವಾಗ ಕೊಟ್ಟಿ?"

"ರೆಸ್ಟ್ ಅಂದ್ರ?"

"ದಿನಾ ನೀರು, ದಿನಾ ಗೊಬ್ಬರ. ಗಿಡಕ್ಕ ಏನೂ ಕೊರತಿ ಇಲ್ಲ. ಕೊರತಿ ಇಲ್ಲದ ಗಿಡ ಯಾಕ ಹಣ್ಣು ಬಿಡತೈತಿ? ತಾನು ಬೆಳಕೋಂತ ಹೊಕ್ಕೈತಿ. ನೀರು ಬಂದ್ ಮಾಡು. ಎಲಿ ಉದುರಲಿ. ಚಾಟ್ನಿ ಮಾಡು, ಕೊನಿ ಕತ್ತರಿಸು. ಆಮ್ಯಾಲ ನೀರು ಬಿಡು, ನೋಡು."

ದಾಳಿಂಬೆಯವರು ವರ್ಷ ವರ್ಷವೂ ಮಾಡುವುದು ಇದೇ. ತಿಂಗಳುಗಟ್ಟಲೆ ನೀರು ನಿಲ್ಲಿಸುತ್ತಾರೆ, ಈಥ್ರೆಲ್ ಹೊಡೆದು ಎಲೆ ಉದುರಿಸುತ್ತಾರೆ, ಕೊನೆ ಕತ್ತರಿಸುತ್ತಾರೆ, ಆಮೇಲೆ ಗೊಬ್ಬರ ಕೊಟ್ಟು ನೀರು ಬಿಟ್ಟರೆ ಇಡೀ ತೋಟ ಒಟ್ಟಿಗೇ ಹೂವಿಗೆ ನಿಲ್ಲುತ್ತದೆ. ಯಾವಾಗ ಹೂ ಬೇಕೋ ಅದರ ಮೇಲೆ ಹೆಸರು: ಮುಂಗಾರಿಗೆ ಮೃಗ ಬಹಾರ, ಮಳೆ ಹಿಂದೆ ಸರಿಯುವಾಗ ಹಸ್ತ ಬಹಾರ, ಬೇಸಿಗೆಗೆ ಮುಂಚೆ ಅಂಬೆ ಬಹಾರ. ಮಾಮನ ಬಾಯಲ್ಲಿ ಚಿಕ್ಕಂದಿನಿಂದ ಕೇಳಿದ ಮಾತುಗಳು. ನಾನೇ ಅವನ ತೋಟದಲ್ಲಿ ಬೋಳು ಗಿಡಗಳ ಸಾಲಿನಲ್ಲಿ ಆಡಿದವಳು. ಆದರೂ ಡ್ರಮ್ಮಿನ ಗಿಡಕ್ಕೂ ಆ ತೋಟಕ್ಕೂ ನಂಟಿದ್ದೀತು ಅಂತ ಹೊಳೆದಿರಲಿಲ್ಲ. ಆಮೇಲೆ ಹುಡುಕಿ ಓದಿದರೆ ಮೆಕ್ಸಿಕೋದ ಮಿಚೋಕಾನ್ ಸೀಮೆಯ ರೈತರು ಬ್ರೆಜಿಲ್‌ನ ಟುಪಿ ಅನ್ನುವ ಬ್ಲ್ಯಾಕ್‌ಬೆರಿ ತಳಿಗೆ ಮಾಡುವುದೂ ಇದನ್ನೇ. ಅಲ್ಲೂ ಬೇಕಾದಷ್ಟು ಚಳಿ ಇಲ್ಲ. ಎಲೆ ಉದುರಿಸಿ, ಕಡ್ಡಿ ಕತ್ತರಿಸಿ, ಚಳಿಗಾಲ ಬಂದು ಹೋಯಿತು ಅಂತ ಗಿಡಕ್ಕೆ ನಂಬಿಸುತ್ತಾರೆ. ಲೋಕದ ಬೇರೆ ಬೇರೆ ಮೂಲೆಗೆ ಬ್ಲ್ಯಾಕ್‌ಬೆರಿ ಹೋಗುವುದು ಆ ಸೀಮೆಯಿಂದ. ಕುಷ್ಟಗಿಯ ಮಾಮ ಮತ್ತು ಮಿಚೋಕಾನ್‌ನ ರೈತ, ಇಬ್ಬರೂ ಗಿಡದ ಜೊತೆ ಆಡುವ ಭಾಷೆ ಒಂದೇ ಅನಿಸಿ ನನಗೆ ಅವತ್ತು ರಾತ್ರಿ ನಿದ್ದೆಯೇ ಹತ್ತಲಿಲ್ಲ.

ಮಾಮ ಹೋದ ಮರುದಿನವೇ ನೀರು ನಿಲ್ಲಿಸಿದೆ. ಅದು ಅವಸರವಾಯಿತು. ಫೆಬ್ರವರಿ ಕೊನೆಗೆ ಎಲೆ ಬಿಡಿಸಿ, ತುದಿ ಕತ್ತರಿಸಿ, ನೀರು ಕೊಟ್ಟೆ. ಮಾರ್ಚ್ ಕೊನೆಯ ವಾರ ಐದು ಹೂ ಬಂದವು. ಬಿಳಿ, ಅಂಚಿನಲ್ಲಿ ತುಸು ಗುಲಾಬಿ. ಆ ಐದು ಹೂವಿನ ಮುಂದೆ ನಾವು ನಾಲ್ಕೂ ಜನ ನಿಂತಿದ್ದೆವು. ಎರಡು ಬಿಸಿಲಿಗೆ ಉದುರಿದವು. ಉಳಿದ ಮೂರರ ಕಾಯಿಯಲ್ಲಿ ಕೆಲವು ಮಣಿ ಕಪ್ಪು, ಕೆಲವು ಸುಣ್ಣದಂತೆ ಬಿಳಿ. ಬಿಸಿಲು ಸುಟ್ಟದ್ದು. ಫೋಟೋ ಕಳಿಸಿದರೆ ಮಾಮ ಫೋನ್ ಮಾಡಿ, "ಅಂಬೆ ಬಹಾರ ನಿನಗ್ಯಾಕ ಬೇಕಿತ್ತು? ಹಸ್ತಕ್ಕ ಹಿಡಿ" ಅಂದ.

ಕವಳಿ ಕಂಟಿ

ಆ ಬೇಸಿಗೆಯಲ್ಲಿ, ಗಿಡವನ್ನು ಬಲೆಯಡಿ ಕಾಪಾಡುತ್ತ ಹಸ್ತ ಮಳೆಯನ್ನು ಕಾಯುತ್ತಿದ್ದ ದಿನಗಳಲ್ಲಿ, ನನಗೆ ನಮ್ಮಮ್ಮನ ಹೊಲದ ಬೇಲಿ ನೆನಪಾಗತೊಡಗಿತು. ಅಮ್ಮ ಅಂದರೆ ಅವ್ವನ ಅವ್ವ, ನಮ್ಮ ಮನೆಯಲ್ಲಿ ಹಾಗೇ ಕರೆಯೋದು. ಯಲಬುರ್ಗಾ ಕಡೆ ಗುಡ್ಡದ ಬುಡದಲ್ಲಿ ಅವಳ ಹೊಲ. ಗುಡ್ಡದ ಕಡೆಯ ಬೇಲಿ ಪೂರಾ ಕವಳಿ ಕಂಟಿ. ಯಾರೂ ಹಚ್ಚಿದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ರೋಹಿಣಿ ಮಳೆ ಒಂದೆರಡು ಹನಿ ಉದುರಿಸಿದ ಮೇಲೆ ಹಣ್ಣು ಕಪ್ಪಾಗುತ್ತಿದ್ದವು. ಅಮ್ಮ ಎಡಗೈಯಲ್ಲಿ ಕುಡುಗೋಲಿನ ಹಿಡಿಯಿಂದ ಕೊನೆ ಒತ್ತಿ ಹಿಡಿಯುವಳು, ನಾನು ಕವಲು ಮುಳ್ಳಿನ ನಡುವೆ ಎರಡೇ ಬೆರಳು ತೂರಿಸಿ ಕೀಳಬೇಕು. ಪೂರ್ತಿ ಕೈ ಹಾಕಿದರೆ ತೆಗೆಯುವಾಗ ಚರ್ಮ ಸುಲಿಯುತ್ತದೆ. ತೊಟ್ಟು ಬಿಟ್ಟಲ್ಲಿ ಬಿಳಿ ಹಾಲು ಒಸರುತ್ತದೆ. ಹಾಗೇ ತಿಂದರೆ ತುಟಿ ಅಂಟಿಕೊಳ್ಳುತ್ತವೆ. ಅಮ್ಮ ಹಣ್ಣನ್ನು ಸೆರಗಿನಲ್ಲಿ ಉರುಳಿಸಿ ಉರುಳಿಸಿ ಹಾಲು ಒರೆಸಿ ಒಂದೊಂದೇ ಕೊಡುತ್ತಿದ್ದಳು. ಅವಳ ಸೆರಗಿನ ಅಂಚಲ್ಲಿ ವರ್ಷವಿಡೀ ಆ ಕಂದು ಕಲೆ. "ತುದ್ಯಾಗಿನ್ವು ಹಕ್ಕಿಗೆ, ಬುಡದಾಗಿನ್ವು ದಾರ್ಯಾಗ ಹೋಗೋರಿಗೆ, ನಡುವಿನ್ವು ನಿನಗ" ಅಂತಿದ್ದಳು.

ಮಗನ ಪುಸ್ತಕದ ಚಿತ್ರ ಅದೇ ಅಲ್ಲವೇ? ಇಂಗ್ಲೆಂಡಿನಲ್ಲಿ ಬ್ಲ್ಯಾಕ್‌ಬೆರಿ ಬೇಲಿಯ ಹಣ್ಣು. ಹಚ್ಚದೆ ಹುಟ್ಟುತ್ತದೆ, ದಾರಿಯಲ್ಲಿ ಹೋಗುವವರು ಕೀಳುತ್ತಾರೆ, ಯಾರೂ ಕಾಸು ಕೊಡುವುದಿಲ್ಲ. ಆಸ್ಟ್ರೇಲಿಯಾಕ್ಕೆ ಒಯ್ದಮೇಲೆ ಅಲ್ಲಿ ಹೊಲ ಹಳ್ಳ ಎಲ್ಲ ಆವರಿಸಿ ದೊಡ್ಡ ಕಳೆಯಾಯಿತು. ಅದರ ಬಳಗದ್ದೇ ಇನ್ನೊಂದು, ನಮ್ಮ ಪಶ್ಚಿಮ ಘಟ್ಟದಲ್ಲೂ ಹಿಮಾಲಯದಲ್ಲೂ ತಾನಾಗಿ ಬೆಳೆಯುವ ಕಪ್ಪು ಹಣ್ಣಿನ ಮುಳ್ಳುಬಳ್ಳಿ, ಇಂಗ್ಲಿಷಿನಲ್ಲಿ ಮೈಸೂರು ರಾಸ್ಪ್‌ಬೆರಿ ಅನಿಸಿಕೊಂಡದ್ದು, ಗಲಪಗೋಸ್ ದ್ವೀಪಗಳಿಗೆ ಹೋಗಿ ಅಲ್ಲಿನ ಕಾಡನ್ನು ನುಂಗುತ್ತಿದೆ. ನಮ್ಮಲ್ಲಿ ಬಳ್ಳಾರಿ ಜಾಲಿ ಇಲ್ಲವೇ? ಬಂದದ್ದು ಅಮೆರಿಕ ಖಂಡದಿಂದ, ಹೆಸರು ನಮ್ಮ ಪಕ್ಕದ ಜಿಲ್ಲೆಯದು, ಇವತ್ತು ಕೆರೆ ಅಂಗಳವೆಲ್ಲ ಅದರದೇ. ಒಂದು ಊರಿನ ಬೇಲಿ ಇನ್ನೊಂದು ಊರಿಗೆ ಹೋದರೆ ಮುತ್ತಿಕೊಳ್ಳುತ್ತದೆ, ಇಲ್ಲವೇ ನನ್ನ ಡ್ರಮ್ಮಿನ ಗಿಡದ ಹಾಗೆ ಸುಮ್ಮನೆ ನಿಂತುಬಿಡುತ್ತದೆ. ನಾನು ಒಂದು ಬೇಲಿ ಹಣ್ಣನ್ನು ತಂದು ತೊಟ್ಟಿಲಲ್ಲಿ ಮಲಗಿಸಿ ತೂಗುತ್ತಿದ್ದೆ. ಹಸಿವು, ಚಳಿ, ಬಾಯಾರಿಕೆ ಗೊತ್ತಿದ್ದ ಜೀವಕ್ಕೆ ಅವು ಯಾವುದೂ ಸೋಕದ ಹಾಗೆ ಕಾದೆ.

ಆನೆಗೊಂದಿ ಕಡೆ ಪಂಪಾ ಸರೋವರಕ್ಕೆ ಹೋದಾಗಲೆಲ್ಲ ಅಲ್ಲಿಯ ಶಬರಿಯ ಗವಿ ನೋಡಿ ಬರುತ್ತೇವೆ. ಅವಳು ರಾಮನಿಗೆ ಕಚ್ಚಿ ರುಚಿ ನೋಡಿ ಕೊಟ್ಟದ್ದು ಬಾರಿ ಹಣ್ಣು ಅಂತ ನಮ್ಮ ಕಡೆ ಎಲ್ಲರ ಮಾತು. ಅದೂ ಕಂಟಿಯ ಹಣ್ಣೇ, ಮುಳ್ಳಿನ ನಡುವಿನದೇ. ಮಗನಿಗೆ ಆ ಕಥೆಯನ್ನು ಎಷ್ಟೋ ಸಲ ಹೇಳಿದ್ದೆ. ಅವನ ಪ್ರಶ್ನೆಗೆ ಅಲ್ಲಿಂದಲೇ ಉತ್ತರ ಕೊಡಬಹುದಿತ್ತು. "ನಮ್ಮಲ್ಲಿ ಕವಳಿ ಹ್ಯಾಂಗೋ ಅವರಲ್ಲಿ ಅದು ಹಂಗ" ಅಂದಿದ್ದರೆ ಸಾಕಿತ್ತು. ಆದರೆ ಅವನು ಕವಳಿಯನ್ನೂ ಕಂಡವನಲ್ಲ. ಅಮ್ಮನ ಹೊಲ ಮಾರಿ ಹದಿನೆಂಟು ವರ್ಷ, ಬೇಲಿ ಇದ್ದಲ್ಲಿ ಈಗ ತಂತಿ ಇದೆ.

ಹಸ್ತ

ಸೆಪ್ಟೆಂಬರ್ ಎರಡನೇ ವಾರದಿಂದ ಗಿಡಗಳಿಗೆ ನೀರಿಲ್ಲ. ಮಳೆ ಬಂದರೆ ಡ್ರಮ್ಮಿಗೆ ಪ್ಲಾಸ್ಟಿಕ್ ಹೊದಿಸುವ ಕೆಲಸ ಮಗನದು. ಅಕ್ಟೋಬರ್ ಮೊದಲ ವಾರ ಉಳಿದ ಎಲೆಗಳನ್ನು ಕೈಯಿಂದಲೇ ಬಿಡಿಸಿದೆ, ಈಥ್ರೆಲ್ ಮುಟ್ಟಲಿಲ್ಲ. ಕಡ್ಡಿಯ ತುದಿ ಒಂದೊಂದು ಮೊಳ ಕತ್ತರಿಸಿದೆ. ತಿಪ್ಪಿಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ, ಕೂಡಿಟ್ಟ ಮಳೆ ನೀರು. ಹತ್ತು ದಿನಕ್ಕೆ ಕಡ್ಡಿಯ ಗೆಣ್ಣುಗಳಲ್ಲಿ ಅಕ್ಕಿಕಾಳಿನಂಥ ಕೆಂಪು ಮೊಗ್ಗು. ದೀಪಾವಳಿ ಕಳೆದು ತಿಂಗಳಾಗುವುದರೊಳಗೆ ಗೊಂಚಲು ಗೊಂಚಲು ಹೂ. ಜೇನು ಬಂದವು. ಮಣಿಗಳೆಲ್ಲ ತುಂಬಬೇಕಾದರೆ ಹೂವಿನ ಒಂದೊಂದು ಅಂಡಾಶಯಕ್ಕೂ ಪರಾಗ ಮುಟ್ಟಬೇಕು, ಮುಟ್ಟದ ಕಡೆ ಹಣ್ಣು ಸೊಟ್ಟಗಾಗುತ್ತದೆ. ಜೇನು ಬಾರದ ಬೆಳಿಗ್ಗೆ ಅತ್ತೆಯವರು ಕುಂಚ ಹಿಡಿದು ಹೂವಿಂದ ಹೂವಿಗೆ ಸವರಿದರು.

ಜಾತ್ರೆಯ ವಾರ ಮೊದಲ ಹಣ್ಣು ಕಪ್ಪಾಯಿತು. ಶಾಲೆಗೆ ಹೊರಟ ಮಗ ಚೀಲ ಹೆಗಲಲ್ಲಿಟ್ಟುಕೊಂಡೇ ಓಡಿ ಹೋಗಿ ಕಿತ್ತ. ತುಸು ಎಳೆಯಬೇಕಾಯಿತು. ಕಚ್ಚಿದ, ಮುಖ ಹಿಂಡಿದ, ಹುಳಿ. ಮುಖ ಸಣ್ಣದು ಮಾಡಿ ನನ್ನ ಕಡೆ ನೋಡಿದ. ಕಪ್ಪಾದ ಕೂಡಲೇ ಕೀಳಬಾರದು ಅನ್ನುವುದು ನನಗೆ ಗೊತ್ತಾದದ್ದು ಆಮೇಲೆ. ಕಪ್ಪು ಹೊಳೆಯುತ್ತಿರುವವರೆಗೂ ಹುಳಿಯೇ. ಮೂರು ನಾಲ್ಕು ದಿನ ಬಿಟ್ಟರೆ ಹೊಳಪು ಇಳಿದು ಹಳೆ ಕಂಬಳಿಯ ಕಪ್ಪಾಗುತ್ತದೆ, ಒಂದೊಂದು ಮಣಿಯೂ ಉಬ್ಬುತ್ತದೆ, ಬೆರಳು ತಾಗಿಸಿದರೆ ತಾನಾಗಿ ಅಂಗೈಗೆ ಬೀಳುತ್ತದೆ. ಒಳಗಿನ ಬಿಳಿ ದಿಂಡೂ ಹಣ್ಣಿನ ಜೊತೆಗೇ ಬರುತ್ತದೆ. ರಾಸ್ಪ್‌ಬೆರಿಯಾದರೆ ದಿಂಡು ಗಿಡದಲ್ಲೇ ಉಳಿದು ಹಣ್ಣು ಟೊಪ್ಪಿಗೆಯ ಹಾಗೆ ಟೊಳ್ಳು. ಹಾಗೆ ಕಾದು ಕಿತ್ತ ಎರಡನೇ ಹಣ್ಣನ್ನು ಮಗ ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಮಾತಾಡಲಿಲ್ಲ. ತುಟಿ, ಬೆರಳು, ಬಿಳಿ ಸಮವಸ್ತ್ರದ ತೋಳು, ಎಲ್ಲ ಪುಸ್ತಕದಲ್ಲಿದ್ದ ಬಣ್ಣ. ಆ ತೋಳನ್ನು ನಾನು ತಿಕ್ಕಿ ಒಗೆಯಲಿಲ್ಲ.

ಆ ಸಲ ಒಟ್ಟು ಇಪ್ಪತ್ಮೂರು ಹಣ್ಣು. ಮಾಮನಿಗೆ ನಾಲ್ಕು ಎತ್ತಿಟ್ಟಿದ್ದೆ. ಒಂದು ತಿಂದು ಕಣ್ಣು ಮುಚ್ಚಿದ. "ಕವಳಿ ಹಣ್ಣಿನ ನೆನಪಾತು. ನಿಮ್ಮಮ್ಮ ಸೆರಗಿನಾಗ ಹಾಲು ಒರೆಸಿ ಕೊಡ್ತಿದ್ಲು" ಅಂದ. ನನಗೆ ಮಾತ್ರ ಕೊಡುತ್ತಿದ್ದಳು ಅಂದುಕೊಂಡಿದ್ದೆ. ಅವಳ ಮಗ ಅವನು, ಅವನಿಗೂ ಕೊಟ್ಟಿರುತ್ತಾಳೆ ಅನ್ನುವುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಮುಂದಿನ ಮಿರಗದ ಮಳೆಯಲ್ಲಿ ಅವನೇ ಗುಡ್ಡದಿಂದ ಕವಳಿ ಬೀಜ ತಂದುಕೊಟ್ಟ. ಏಳು ಹುಟ್ಟಿದವು. ಹಿತ್ತಲ ಗೋಡೆಗುಂಟ ನೆಲದಲ್ಲೇ, ಎರೆಮಣ್ಣಲ್ಲೇ ಹಚ್ಚಿದ್ದೇನೆ. ಗೇಣುದ್ದ ಇವೆ, ಈಗಲೇ ಮುಳ್ಳು ಕವಲೊಡೆದಿದೆ.

ಈಗ ಮತ್ತೆ ಸೆಪ್ಟೆಂಬರ್. ಡ್ರಮ್ಮಿಗೆ ನೀರು ನಿಲ್ಲಿಸಿ ಒಂಬತ್ತು ದಿನವಾಯಿತು. ಎಲೆ ಬಾಡಿ ತೂಗುತ್ತಿವೆ. ಅತ್ತೆಯವರಿಗೆ ಇದನ್ನು ನೋಡಿ ತಡೆಯಲಾಗುವುದಿಲ್ಲ. ಇವತ್ತು ಬೆಳಿಗ್ಗೆ ಮಲ್ಲಿಗೆಗೆ ಹಾಕಿ ಉಳಿದ ಚೆಂಬು ಹಿಡಿದು ಅದರ ಮುಂದೆಯೇ ನಿಂತಿದ್ದರು. ನಾನು ಹತ್ತಿರ ಹೋದೆ.

"ಬಾಯಾರೈತಿ ನೋಡವ್ವ ಅದಕ್ಕ."

"ಹೌದ್ರೀ ಅತ್ತಿ."

"ಇನ್ನೆಷ್ಟ್ ದಿನ?"

"ಹದಿನಾರು."

ಚೆಂಬಿನ ನೀರನ್ನು ಕವಳಿ ಸಸಿಗಳಿಗೆ ಸುರಿದು ಒಳಗೆ ಹೋದರು. ಅವಕ್ಕೂ ಬೇಡ ಅಂತ ನಾನು ಹೇಳಲಿಲ್ಲ.